ಟಿವಿ ಅವರದು, ಆಂಟೆನಾ ನಮ್ಮದು

ಡೇವಿಸ್ ಕಪ್ ಟೆನಿಸ್‌ನಲ್ಲಿ ಭಾರತ ಫೈನಲ್ ಮುಟ್ಟಿದ ಆ ವರ್ಷದ ಒಂದು ಚೆಂಡನ್ನೂ ನಾನು ಕಣ್ಣಾರೆ ಕಂಡಿಲ್ಲ. ಆದರೂ ಯಾರಾದರೂ ಕೇಳಿದರೆ, ನಮ್ಮವರನ್ನು ಅಲ್ಲಿಯತನಕ ತಲುಪಿಸಿದವರಲ್ಲಿ ನಾನೂ ಒಬ್ಬಳು ಅಂತ ಈಗಲೂ ಜಂಬದಿಂದ ಹೇಳುತ್ತೇನೆ. ಯಾರೂ ಕೇಳುವುದಿಲ್ಲ, ಅದು ಬೇರೆ ಮಾತು. ನಾನು ನರಸೀಪುರದ ಶಾಲೆಯಲ್ಲಿ ಗಣಿತದ ಟೀಚರು. ನನ್ನ ಮಕ್ಕಳಿಗೆ ಆಟ ಅಂದರೆ ಕ್ರಿಕೆಟ್ಟು, ಬಿಟ್ಟರೆ ಮೊಬೈಲಿನಲ್ಲಿ ಆಡುವ ಎಂಥದ್ದೋ ಹೊಡೆದಾಟ. ಟೆನಿಸ್ ಅಂತ ಬಾಯಿ ತೆಗೆದರೆ ಹಿಂದಿನ ಬೆಂಚಿನಲ್ಲಿ ಆಕಳಿಕೆ ಶುರುವಾಗುತ್ತದೆ. ನಾನೂ ಸುಮ್ಮನಾಗಿ ಲಸಾಅ ಮಸಾಅಕ್ಕೆ ಹೋಗುತ್ತೇನೆ.

ನಂಜನಗೂಡಿನ ನಮ್ಮ ಮನೆ ಒಂದು ಕಾಲಕ್ಕೆ ಒಂದೇ ಮನೆಯಾಗಿತ್ತು. ಅಪ್ಪ, ಅಪ್ಪನ ಅಣ್ಣ, ಅಂದರೆ ನನ್ನ ದೊಡ್ಡಪ್ಪ, ದೊಡ್ಡವ್ವ, ನಾನು, ಇಷ್ಟೇ ಜನ. ಕಳಲೆಯಲ್ಲಿದ್ದ ಗದ್ದೆಯಲ್ಲಿ ಕಾಲುವೆ ಪಕ್ಕದ್ದು ಯಾರಿಗೆ ಅಂತ ಅಣ್ಣತಮ್ಮಂದಿರಿಗೆ ಮಾತು ಬಂತು. ಮಾತು ಬೆಳೆದು ಪಾಲಾಯಿತು. ಪಾಲು ಮಾಡಲು ಬಂದ ಹಿರಿಯರು ಪಡಸಾಲೆಯ ನಟ್ಟನಡುವೆ ಗೋಡೆ ಎಬ್ಬಿಸಿದರು. ಹಬ್ಬಹರಿದಿನಕ್ಕೆ ಇರಲಿ ಅಂತ ಗೋಡೆಯಲ್ಲಿ ಒಂದು ಬಾಗಿಲೂ ಬಿಟ್ಟರು. ಬಾಗಿಲಿಗೆ ಈ ಕಡೆ ಒಂದು ಚಿಲಕ, ಆ ಕಡೆ ಒಂದು ಚಿಲಕ. ಎರಡೂ ತೆಗೆದರೆ ಮಾತ್ರ ಬಾಗಿಲು ತೆಗೆಯುತ್ತಿತ್ತು. ಹಿರಿಯರು ಎಲ್ಲವನ್ನೂ ಹಂಚಿದರು, ಹಂಡೆ, ಒರಳು, ಹಸು, ಕಂಬಳಿ. ಟಿವಿಯ ಸರದಿ ಬಂದಾಗ ಅದು ದೊಡ್ಡಪ್ಪನಿಗೆ ಅಂದರು. ಆಮೇಲೆ ಮೆಟ್ಟಿಲು ನಮ್ಮ ಕಡೆ ಇರುವುದರಿಂದ ತಾರಸಿ ನಮಗೆ ಅಂದರು. ತಾರಸಿಯ ಮೇಲೆ ಆಂಟೆನಾ ನಿಂತಿದೆ ಅನ್ನುವುದು ಅಷ್ಟು ದೊಡ್ಡ ಮನುಷ್ಯರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಊಟ ಮಾಡಿ, ಎಲೆಯಡಿಕೆ ಹಾಕಿಕೊಂಡು ಹೊರಟುಹೋದರು.

ನನ್ನನ್ನು ಯಾರೂ ಪಾಲಿನಲ್ಲಿ ಸೇರಿಸಿರಲಿಲ್ಲ. ನಾನು ಅಪ್ಪನ ಮಗಳು, ಅಪ್ಪನ ಕಡೆಗೇ ಬಂದೆ. ಆದರೆ ಅವ್ವ ತೀರಿಕೊಂಡಾಗ ನನಗೆ ಎರಡು ವರ್ಷವಂತೆ, ಆಗಿನಿಂದ ನನ್ನನ್ನು ಸಾಕಿದವಳು ದೊಡ್ಡವ್ವ. ಅವಳಿಗೆ ಮಕ್ಕಳಿರಲಿಲ್ಲ. ಅವಳ ಸೆರಗು ಹಿಡಿಯದೆ ನಾನು ನಿದ್ದೆ ಮಾಡಿದ್ದೇ ಇಲ್ಲ. ಗೋಡೆ ಎದ್ದ ದಿನ ಅವಳು ಆ ಕಡೆ ಉಳಿದಳು, ನಾನು ಈ ಕಡೆ ಉಳಿದೆ. ಬೀದಿ ಬಾಗಿಲಿನಿಂದಲೂ ಹೋಗಕೂಡದು ಅಂತ ಅಪ್ಪನ ಅಪ್ಪಣೆ. ದೊಡ್ಡಪ್ಪ ಅವಳಿಗೂ ಹಾಗೇ ಹೇಳಿದ್ದ. ಒಗ್ಗರಣೆಯ ವಾಸನೆ ಗೋಡೆ ದಾಟಿ ಬರುತ್ತಿತ್ತು, ಬಳೆಯ ಸದ್ದು ಬರುತ್ತಿತ್ತು, ಅವಳು ಕೆಮ್ಮಿದರೆ ಕೇಳುತ್ತಿತ್ತು. ನಮ್ಮ ಕಡೆ ಅಪ್ಪ ಅಡಿಗೆ ಮಾಡುತ್ತಿದ್ದ. ಕಾರ್ಖಾನೆಯಿಂದ ಬಂದು ಅಂಗಿಯನ್ನೂ ಬಿಚ್ಚದೆ ಒಲೆಯ ಮುಂದೆ ಕೂತು ಒಂದು ಸಾರು ಕುದಿಸುತ್ತಿದ್ದ. ಹುಣಸೆಹಣ್ಣಿನ ಲೆಕ್ಕ ಅವನಿಗೆ ಕೊನೆಯವರೆಗೂ ಸಿಗಲಿಲ್ಲ. ಇಬ್ಬರೂ ಎದುರುಬದುರು ಕೂತು, ಹಲ್ಲು ಚುಳ್ಳೆನ್ನಿಸುವ ಆ ಸಾರನ್ನು ಉಣ್ಣುತ್ತಿದ್ದೆವು. ಆಗ ನನಗಿದ್ದದ್ದು ಹಸಿವಲ್ಲ, ಒಂಟಿತನ. ಆ ವಯಸ್ಸಿನಲ್ಲಿ ಅವೆರಡೂ ಹೊಟ್ಟೆಯಲ್ಲೇ ಇರುತ್ತವೆ, ಒಂದನ್ನು ಇನ್ನೊಂದು ಅಂದುಕೊಂಡು ನಾನು ಬಡಿಸಿಕೊಂಡು ಬಡಿಸಿಕೊಂಡು ತಿನ್ನುತ್ತಿದ್ದೆ.

ಅಣ್ಣತಮ್ಮಂದಿರು ಒಬ್ಬರಿಗೊಬ್ಬರು ಮಾತಾಡುತ್ತಿರಲಿಲ್ಲ. ಆದರೆ ಇಬ್ಬರಿಗೂ ಟೆನಿಸ್ ಹುಚ್ಚು. ಮೈಸೂರಿನ ಹಾಸ್ಟೆಲಿನಲ್ಲಿದ್ದು ಓದುವಾಗ ಕಲಿತದ್ದು. ಊರಿಗೆ ಬಂದಮೇಲೆ ಇಲ್ಲಿಯ ಪ್ರವಾಸಿ ಬಂಗಲೆಯ ಹಿಂದಿದ್ದ ಮಣ್ಣಿನ ಅಂಕಣದಲ್ಲಿ ಇಬ್ಬರೂ ಜೋಡಿಯಾಗಿ ಆಡುತ್ತಿದ್ದರಂತೆ. ಆ ಅಂಕಣಕ್ಕೆ ವಾರಕ್ಕೊಮ್ಮೆ ಕಣಕ್ಕೆ ಸಾರಿಸುವ ಹಾಗೆ ಸಗಣಿ ಸಾರಿಸಿ, ಒಣಗಿದ ಮೇಲೆ ಸುಣ್ಣದ ಗೆರೆ ಎಳೆಯುತ್ತಿದ್ದರು. ದೊಡ್ಡಪ್ಪ ಎಡಗೈ, ಅಪ್ಪ ಬಲಗೈ. ನಡುವೆ ಬಂದ ಚೆಂಡನ್ನು ಯಾರು ಹೊಡೆಯಬೇಕು ಅಂತ ಅವರು ಯಾವತ್ತೂ ಕೂಗಿ ಹೇಳಿಕೊಂಡವರಲ್ಲ, ಅದು ತಾನಾಗಿ ಗೊತ್ತಾಗುತ್ತಿತ್ತು ಅಂತ ದೊಡ್ಡವ್ವ ಹೇಳುತ್ತಿದ್ದಳು.

ಹೀಗಿರುವಾಗ ಆ ಬೇಸಿಗೆಯ ಮೊದಲಲ್ಲಿ ದೆಹಲಿಯಲ್ಲಿ ಅರ್ಜೆಂಟೀನಾದ ಮೇಲೆ ಪಂದ್ಯ ಬಂತು, ಟಿವಿಯಲ್ಲಿ ತೋರಿಸುತ್ತಾರೆ ಅಂತ ಪೇಪರಿನಲ್ಲಿ ಹಾಕಿದ್ದರು. ಈ ಕಪ್ಪಿನ ಲೆಕ್ಕ ಸರಳ. ದೇಶಕ್ಕೆ ದೇಶ ಎದುರು. ಶುಕ್ರವಾರ ಎರಡು ಒಂಟಿ ಆಟ, ಶನಿವಾರ ಒಂದು ಜೋಡಿ ಆಟ, ಭಾನುವಾರ ಮತ್ತೆ ಎರಡು ಒಂಟಿ ಆಟ. ಐದರಲ್ಲಿ ಮೂರು ಗೆದ್ದವರು ಉಳಿದು, ಮೂರು ನಾಲ್ಕು ತಿಂಗಳು ಬಿಟ್ಟು ಇನ್ನೊಂದು ದೇಶದ ಮೇಲೆ ಆಡುತ್ತಾರೆ. ಸೋತವರಿಗೆ ಆ ವರ್ಷ ಅಷ್ಟೇ. ದೊಡ್ಡಪ್ಪ ಟಿವಿ ಹಾಕಿದ. ಪರದೆಯ ತುಂಬ ಅಕ್ಕಿ ಚೆಲ್ಲಿದ ಹಾಗೆ ಚುಕ್ಕೆ. ಆಂಟೆನಾದ ಕಂಬಕ್ಕೆ ಹಾಕಿದ್ದ ನಟ್ಟು ಸಡಿಲವಾಗಿ, ಗಾಳಿ ಬೀಸಿದರೆ, ಕೋತಿ ಕೂತರೆ, ಅದು ಟಿವಿ ಟವರಿದ್ದ ಮೈಸೂರಿನ ಕಡೆಯಿಂದ ಮುಖ ತಿರುಗಿಸಿಬಿಡುತ್ತಿತ್ತು. ದೊಡ್ಡಪ್ಪ ಬೀದಿಗೆ ಬಂದು, ಜಗಲಿಯ ಮೇಲೆ ಪೇಪರ್ ಓದುತ್ತಿದ್ದ ಅಪ್ಪನಿಗೆ ಕೇಳುವ ಹಾಗೆ, ನನ್ನನ್ನು ನೋಡಿಕೊಂಡು ಹೇಳಿದ:

"ಮಂಗಳಾ, ಆಂಟೆನಾ ಸ್ವಲ್ಪ ತಿರುಗ್ಸೋಕೆ ಹೇಳವ್ವ ನಿಮ್ಮಪ್ಪಂಗೆ."

ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ.

"ಬಾಗ್ಲು ತೆಗೆದ್ರೆ ನೀನೇ ತಿರುಗ್ಸ್ತೀಯ ಅಂತ ಹೇಳು."

ಅಷ್ಟೇ ಒಪ್ಪಂದ. ಎರಡು ಚಿಲಕಗಳೂ ತೆಗೆದವು. ಅಪ್ಪ ತನ್ನ ಕುರ್ಚಿಯನ್ನು ತಾನೇ ಹೊತ್ತುಕೊಂಡು ಹೋದ. ಅಣ್ಣನ ಮನೆಯ ಟಿವಿ ನೋಡಿಯಾನು, ಅಣ್ಣನ ಕುರ್ಚಿಯಲ್ಲಿ ಕೂರಲಾರ. ಅದನ್ನು ಹೊಸಿಲಿನ ಮಗ್ಗುಲಿಗೇ ಹಾಕಿಕೊಂಡು ಕೂತ. ನಾನು ತಾರಸಿ ಹತ್ತಿದೆ. ಒಂದು ಕೈಯಲ್ಲಿ ಕಂಬ ಹಿಡಿದು, ಇನ್ನೊಂದು ಕೈಯಲ್ಲಿ ಕೋತಿ ಬೆದರಿಸುವ ಕೋಲು ಹಿಡಿದು ಮೂರು ದಿನ ನಿಂತೆ. ಅಲ್ಲಿಂದ ಎಲ್ಲ ಕಾಣುತ್ತಿತ್ತು, ಗೋಪುರ, ಹೊಳೆ, ಚಾಮರಾಜನಗರದ ಕಡೆ ಹೋಗುವ ರೈಲು. ಟೆನಿಸ್ ಒಂದು ಕಾಣುತ್ತಿರಲಿಲ್ಲ. ಕೆಳಗಿನಿಂದ "ಬಂತು, ಬಂತು, ಅಲ್ಲೇ ಇರು" ಅನ್ನುತ್ತಿದ್ದರು. ನಾನು ಅಲ್ಲೇ ಇರುತ್ತಿದ್ದೆ. ಇಬ್ಬರೂ ಒಟ್ಟಿಗೆ ಉಸ್ಸೆಂದರೆ ನಮ್ಮವರಿಗೆ ಪಾಯಿಂಟ್ ಹೋಯಿತು ಅಂತ, ಒಟ್ಟಿಗೆ ತೊಡೆ ಚಪ್ಪರಿಸಿದರೆ ಬಂತು ಅಂತ ಲೆಕ್ಕ ಇಡುತ್ತಿದ್ದೆ. ಅಪ್ಪ ಟಿವಿಗೆ ಹೇಳುತ್ತಿದ್ದ, ಅವನ ಎಡಗಡೆಗೆ ಹಾಕಬೇಕಿತ್ತು ಅಂತ. ದೊಡ್ಡಪ್ಪ ಟಿವಿಗೇ ಉತ್ತರ ಕೊಡುತ್ತಿದ್ದ, ಹಾಕಿದ್ದರೆ ಅವನು ಅಡ್ಡ ಹೊಡೆಯುತ್ತಿದ್ದ ಅಂತ. ಆ ಬಡಪಾಯಿ ಟಿವಿ ಇಬ್ಬರ ಮಾತನ್ನೂ ಕೇಳಿಸಿಕೊಳ್ಳುತ್ತಿತ್ತು. ನಮ್ಮವರು ಐದರಲ್ಲಿ ಮೂರು ಗೆದ್ದು ಉಳಿದರು.

ಆ ನಟ್ಟಿಗೆ ಒಂದು ಸ್ಪ್ಯಾನರ್ ಹಾಕಿ ಬಿಗಿ ಮಾಡಿದ್ದರೆ ನನ್ನ ಕೆಲಸ ಮುಗಿಯುತ್ತಿತ್ತು. ಕಾರ್ಖಾನೆಯಲ್ಲಿ ದಿನವಿಡೀ ನಟ್ಟು ಬೋಲ್ಟಿನ ನಡುವೆಯೇ ಇದ್ದ ಅಪ್ಪ ಅದನ್ನು ಮುಟ್ಟಲಿಲ್ಲ. ನಾನೂ ನೆನಪು ಮಾಡಲಿಲ್ಲ.

ಯಾಕೆಂದರೆ ಆಟ ಮುಗಿದ ಮೇಲೆ ಅರ್ಧ ಗಂಟೆ ಬಾಗಿಲು ತೆರೆದೇ ಇರುತ್ತಿತ್ತು. ಗಂಡಸರು ಟಿವಿಯವರು ಹೇಳುವ ಅಂಕಿಅಂಶಗಳನ್ನೆಲ್ಲ ಕೇಳಿ ಮುಗಿಸಬೇಕಲ್ಲ. ನಾನು ಧಡಧಡ ಇಳಿದು ಸೀದಾ ದೊಡ್ಡವ್ವನ ಅಡಿಗೆಮನೆಗೆ. ಅವಳು ಮೊದಲು ತಲೆ ಬಿಚ್ಚಿ, ಎಣ್ಣೆ ತಟ್ಟಿ, ಹೇನು ನೋಡಿ, ಜಡೆ ಬಿಗಿದು ಕಟ್ಟುತ್ತಿದ್ದಳು. ಆಮೇಲೆ ತಟ್ಟೆ. ಮೊದಲ ಸಲ ನುಗ್ಗೆಸೊಪ್ಪಿನ ಬಸ್ಸಾರು, ಮುದ್ದೆ. ನನ್ನ ಮುದ್ದೆಯ ನಡುವೆ ಗುಳಿ ಮಾಡಿ ತುಪ್ಪ ಬಿಟ್ಟು, ನಾನು ನುಂಗುವುದನ್ನೇ ನೋಡುತ್ತಾ ಕೂರುತ್ತಿದ್ದಳು. ಅವಳಿಗೆ ಟೆನಿಸ್ ಅಂದರೆ ಏನು ಎತ್ತ ಗೊತ್ತಿರಲಿಲ್ಲ. ಕೇಳುತ್ತಿದ್ದದ್ದು ಒಂದೇ:

"ಗೆದ್ರೇನವ್ವ? ಅಂಗಾದ್ರೆ ಇನ್ನೊಂದ್ ಸಲ ಆಡ್ತಾರ?"

ಆಡುತ್ತಾರೆ ದೊಡ್ಡವ್ವ, ಆಷಾಢದಲ್ಲಿ ಅಂದೆ. ಅವಳು ಗೋಡೆಯ ಮೇಲಿದ್ದ ಕ್ಯಾಲೆಂಡರಿನ ಕಡೆ ನೋಡಿ ತುಟಿ ಅಲ್ಲಾಡಿಸಿದಳು. ಅವತ್ತಿನಿಂದ ನಾವಿಬ್ಬರೂ ಒಂದೇ ತಂಡ. ನಮ್ಮವರು ಗೆದ್ದರೆ ಬಾಗಿಲು ಇನ್ನೊಮ್ಮೆ ತೆಗೆಯುತ್ತದೆ, ಸೋತರೆ ತೆಗೆಯುವುದಿಲ್ಲ. ದೇಶಾಭಿಮಾನ ಗೀಶಾಭಿಮಾನ ನನಗೆ ತಿಳಿಯದು, ನನಗೆ ಬೇಕಿದ್ದದ್ದು ಆ ಅರ್ಧ ಗಂಟೆ.

ಆಷಾಢಕ್ಕೆ ಇಸ್ರೇಲಿನ ಸರದಿ. ಆಗ ಆ ದೇಶಕ್ಕೂ ನಮಗೂ ಮಾತುಕತೆ ಇರಲಿಲ್ಲ, ಅವರ ಜೊತೆ ಆಡುವುದೋ ಬೇಡವೋ ಅಂತ ಪೇಪರಿನಲ್ಲಿ ದಿನಾ ಬರುತ್ತಿತ್ತು. ನಾನು ಅದನ್ನು ಅಕ್ಷರ ಅಕ್ಷರ ಓದಿ ಬೆವರುತ್ತಿದ್ದೆ. ಮಾತು ಬಿಟ್ಟವರು ಆಟ ಆಡಬಾರದು ಅಂತ ಎಲ್ಲಿದೆ, ನಮ್ಮ ಮನೆಯವರನ್ನು ಕೇಳಲಿ ಅಂತ ನನಗೆ ಸಿಟ್ಟು. ಕೊನೆಗೆ ಆಡಿದರು. ಆಷಾಢದ ಗಾಳಿಗೆ ಆಂಟೆನಾದ ಜೊತೆ ನಾನೂ ಹಾರಿಹೋಗುವ ಹಾಗಿತ್ತು, ಸೊಂಟಕ್ಕೆ ಬಟ್ಟೆ ಒಣಹಾಕುವ ಹಗ್ಗ ಸುತ್ತಿಕೊಂಡು ಕಂಬಕ್ಕೆ ಕಟ್ಟಿಕೊಂಡು ನಿಂತಿದ್ದೆ. ನಮ್ಮವರು ಲೀಲಾಜಾಲವಾಗಿ ಗೆದ್ದರು. ದೊಡ್ಡವ್ವ ನನ್ನ ಒದ್ದೆ ಲಂಗ ಬಿಚ್ಚಿಸಿ, ತನ್ನ ಹಳೆ ಸೀರೆ ಸುತ್ತಿ, ಬಿಸಿ ಬಿಸಿ ಹುರುಳಿಕಟ್ಟಿನ ಸಾರು ಬಡಿಸಿದಳು.

ಮಾರನಮಿ ಕಳೆದ ಮೇಲೆ ಆಸ್ಟ್ರೇಲಿಯಾ. ಆಟ ಅಲ್ಲಿಯೇ ಸಿಡ್ನಿಯಲ್ಲಿ, ನಮಗೆ ಇಲ್ಲಿ ಬೆಳ್ಳಂಬೆಳಗ್ಗೆ. ಹಲ್ಲುಜ್ಜುತ್ತಾ ತಾರಸಿ ಹತ್ತಿದೆ. ನಮ್ಮವರು ಅವರ ಹುಲ್ಲಿನ ಮೇಲೆ ಅವರನ್ನೇ ಸೋಲಿಸಿದಾಗ ಕೆಳಗಿನಿಂದ ಎಂದೂ ಕೇಳದ ಒಂದು ಕೂಗು ಬಂತು. ಏನಾಯಿತು ಅಂತ ದೊಡ್ಡವ್ವ ಆಮೇಲೆ ಹೇಳಿದಳು. ದೊಡ್ಡಪ್ಪ ಮೈಮರೆತು ಅಪ್ಪನ ಕಡೆ ತಿರುಗಿ, ನೋಡಿದ್ಯೇನೋ ಅಂದುಬಿಟ್ಟನಂತೆ. ಅಪ್ಪ ಹ್ಞೂಂ ಅಂದನಂತೆ. ಆಮೇಲೆ ಇಬ್ಬರೂ ನಾಚಿಕೊಂಡ ಹಾಗೆ ಎದ್ದು ಒಬ್ಬ ಹಸುವಿನ ಕಡೆ, ಒಬ್ಬ ಬಚ್ಚಲ ಕಡೆ ಹೋದರಂತೆ. ಇದನ್ನು ಹೇಳುವಾಗ ದೊಡ್ಡವ್ವನ ಕಣ್ಣಿನಲ್ಲಿ ನೀರಿತ್ತು. ನನ್ನ ಗಲ್ಲ ಹಿಡಿದು ಹೇಳಿದಳು:

"ಇನ್ನೊಂದೇ ಒಂದ್ ಸಲ ಗೆದ್ಬುಟ್ರೆ ಇವರಿಬ್ರೂ ಬಾಯ್ ಬುಡ್ತಾರೆ ಕಣವ್ವ. ಸಂಕ್ರಾಂತಿಗೆ ನೀನು ನನ್ನ ಮಗ್ಗುಲಲ್ಲೇ ಮಲಗ್ತೀಯ, ನೋಡ್ತಿರು."

ಹಾಗೆ ಮಾತು ಕೊಟ್ಟದ್ದು ಅವಳ ತಪ್ಪು, ನಂಬಿದ್ದು ನನ್ನ ತಪ್ಪು. ಎರಡು ತಿಂಗಳು ನಾನು ಆ ಮಾತನ್ನೇ ತಲೆದಿಂಬು ಮಾಡಿಕೊಂಡು ಮಲಗಿದೆ.

ಫೈನಲ್ ಸ್ವೀಡನ್ನಿನಲ್ಲಿ. ಅಲ್ಲಿ ಹಿಮವಂತೆ, ಅದಕ್ಕೆ ದೊಡ್ಡ ಕಟ್ಟಡದ ಒಳಗೆ ಮಣ್ಣು ಹಾಸಿದ್ದರಂತೆ. ಮಣ್ಣು ಅಂದ ಕೂಡಲೆ ದೊಡ್ಡಪ್ಪ ಬೆಚ್ಚಗಾದ, ನಮ್ಮ ಮಣ್ಣಿನ ಅಂಕಣದ ಮಾತು ತೆಗೆದ, ಟಿವಿಗೇ. ಆದರೆ ಆ ಮಣ್ಣು ನಮಗೆ ಒಗ್ಗಲಿಲ್ಲ. ಶುಕ್ರವಾರದ ಎರಡು ಆಟವೂ ಹೋದವು. ಅವತ್ತು ಕೆಳಗೆ ಯಾರೂ ತೊಡೆ ಚಪ್ಪರಿಸಿದ್ದು ನನಗೆ ಕೇಳಿಸಲಿಲ್ಲ. ದೊಡ್ಡವ್ವ ಹಿದುಕಿದ ಅವರೆಬೇಳೆ ಸಾರು ಮಾಡಿದ್ದಳು, ನಾಳೆ ನೋಡಾಣ ಬುಡು ಅಂದಳು. ನಾಳೆ ಅಂದರೆ ಶನಿವಾರ, ಜೋಡಿ ಆಟ. ಅದೂ ಹೋದರೆ ಮೂರು. ಮೂರು ಹೋದಮೇಲೂ ಭಾನುವಾರದ ಎರಡು ಆಟ ಆಡುತ್ತಾರೆ, ಅದು ಲೆಕ್ಕಕ್ಕಿಲ್ಲದ ಆಟ, ಅದನ್ನು ನೋಡಲು ಯಾರೂ ಚಿಲಕ ತೆಗೆಯುವುದಿಲ್ಲ. ಇದೆಲ್ಲ ನನಗೆ ಬಾಯಿಪಾಠವಾಗಿತ್ತು.

ಶನಿವಾರ ಸಂಜೆ ಚಳಿ. ಅಪ್ಪ ಒಮ್ಮೆ ಮೇಲೆ ಬಂದು ನನಗೆ ಶಾಲು ಹೊದಿಸಿ, ಹೋಗೋ ಹಾಗಿದೆ ಕಣಮ್ಮ ಅಂತ ಹೇಳಿ ಇಳಿದ. ಹೊಳೆಯ ಕಡೆ ಕತ್ತಲಾಗುತ್ತಿತ್ತು. ನಾನು ಕಂಬ ಹಿಡಿದುಕೊಂಡು ಯೋಚಿಸಿದೆ. ಸೋತದ್ದನ್ನು ಇವರು ನೋಡದೇ ಹೋದರೆ? ಚಿತ್ರ ಹೋಗಿಬಿಟ್ಟರೆ, ಏನಾಯಿತೋ ಅಂತ ಚಡಪಡಿಸಿ, ನಾಳೆ ನೋಡಲೇಬೇಕಾಗುತ್ತದೆ. ನಾಳೆ ಬಾಗಿಲು ತೆಗೆಯಲೇಬೇಕಾಗುತ್ತದೆ. ಹತ್ತು ವರ್ಷದವಳ ಬುದ್ಧಿ. ಆಂಟೆನಾವನ್ನು ಎರಡೂ ಕೈಯಿಂದ ಹೊಳೆಯ ಕಡೆಗೆ ತಿರುಗಿಸಿದೆ. ಕೆಳಗೆ ಗಲಾಟೆ ಶುರುವಾಯಿತು, ತಿರುಗ್ಸು, ತಿರುಗ್ಸು ಅಂತ. ತಿರುಗಿಸುತ್ತಿದ್ದೇನೆ ಅಂತ ಕೂಗಿದೆ. ಕಂಬವನ್ನು ತಬ್ಬಿ ಹಿಡಿದು ಅಲ್ಲಾಡದ ಹಾಗೆ ನಿಂತೆ.

ಇಬ್ಬರೂ ಮೆಟ್ಟಿಲು ಹತ್ತಿ ಬಂದರು. ದೊಡ್ಡಪ್ಪ ನಮ್ಮ ತಾರಸಿಗೆ ಕಾಲಿಟ್ಟದ್ದು ಪಾಲಾದ ಮೇಲೆ ಅದೇ ಮೊದಲು. ಆಂಟೆನಾ ನೋಡಿದ, ನಟ್ಟು ಮುಟ್ಟಿ ನೋಡಿದ, ಆಮೇಲೆ ನನ್ನ ಕಡೆ ತಿರುಗದೆ ನೇರವಾಗಿ ತಮ್ಮನಿಗೆ ಹೇಳಿದ:

"ಒಂದ್ ನಟ್ಟು ಬಿಗಿ ಮಾಡಕ್ಕೆ ನಿಂಗೆ ಇಷ್ಟ್ ದಿನ ಆಗ್ಲಿಲ್ಲ. ಯಾರ ತಾರಸಿ ಅಂತ ತೋರುಸ್ಬೇಕಿತ್ತು, ತೋರ್ಸ್ದೆ. ಮಗೂಗೂ ಹೇಳ್ಕೊಟ್ಟಿದೀಯ."

ನಿಜ ಹೇಳುತ್ತೇನೆ, ಆ ಕ್ಷಣ ನನಗೆ ಆದದ್ದು ಸಂತೋಷ. ಮಾತಾಡಿದರಲ್ಲ ಅಂತ. ಒಬ್ಬರ ಮುಖ ಒಬ್ಬರು ನೋಡಿಕೊಂಡು ಮಾತಾಡಿದರಲ್ಲ. ಆದರೆ ಮಾತು ಆಂಟೆನಾ ಬಿಟ್ಟು ಕಳಲೆಯ ಕಾಲುವೆಗೆ ಹೋಯಿತು, ಅಲ್ಲಿಂದ ಅಜ್ಜಿಯ ಕಾಯಿಲೆಗೆ, ಅಲ್ಲಿಂದ ನಾನು ಹುಟ್ಟುವ ಮುಂಚಿನ ಯಾವುದಕ್ಕೋ. ನಡುವೆ ಅಪ್ಪ ನನ್ನ ಭುಜ ಹಿಡಿದು ಕೇಳಿದ:

"ನೀನು ಬೇಕೂಂತ ತಿರುಗ್ಸಿದ್ಯಾ?"

ಇಲ್ಲ ಅಂದೆ. ಗಾಳಿ ಅಂದೆ. ಗಾಳಿಯೇ ಇರಲಿಲ್ಲ. ಅಪ್ಪ ತಲೆಯೆತ್ತಿ, ನನ್ನ ಮಗಳು ಸುಳ್ಳು ಹೇಳೋಳಲ್ಲ ಅಂದ. ಹಾಗಾದರೆ ಸುಳ್ಳು ಹೇಳೋನು ನಾನು ಅಂತಾಯ್ತು ಅಂದ ದೊಡ್ಡಪ್ಪ. ಸೋಮವಾರ ಮೇಸ್ತ್ರಿನ ಕರೆಸಿ ಬಾಗಿಲು ಮುಚ್ಚಿಸುತ್ತೇನೆ ಅಂತ ಹೇಳಿ ಇಳಿದುಹೋದ. ಕೆಳಗೆ ಚಿಲಕ ಬಿದ್ದ ಸದ್ದು ಕೇಳಿಸಿತು. ಜೋಡಿ ಆಟವೂ ಹೋಯಿತು ಅನ್ನುವುದು ಮಾರನೇ ದಿನ ಪೇಪರಿನಲ್ಲಿ ತಿಳಿಯಿತು.

ಭಾನುವಾರ ಸಂಜೆ ಅಪ್ಪ ಸಂತೆಗೆ ಹೋದ. ಮೂರು ಗಂಟೆಯಿಂದ ಗೋಡೆ ನೋಡಿಕೊಂಡು ಕೂತಿದ್ದ ನಾನು ಎದ್ದೆ. ತಪ್ಪು ಒಪ್ಪಿಕೊಂಡರೆ ಕ್ಷಮಿಸುತ್ತಾರೆ ಅಂತ ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ಬೀದಿ ಬಾಗಿಲಿನಿಂದ ದೊಡ್ಡಪ್ಪನ ಮನೆಗೆ ಹೋದೆ, ನೆಂಟರ ಹಾಗೆ ಹೊರಗೇ ಚಪ್ಪಲಿ ಬಿಟ್ಟು. ದೊಡ್ಡಪ್ಪ ಒಬ್ಬನೇ ಟಿವಿಯ ಮುಂದೆ ಕೂತಿದ್ದ. ಪರದೆಯ ಮೇಲೆ ಬರೀ ಚುಕ್ಕೆ. ಅದರ ಹಿಂದಿನಿಂದ ಚೆಂಡಿನ ಸದ್ದು ಮಾತ್ರ ಬರುತ್ತಿತ್ತು, ಆ ಕಡೆಯಿಂದ ಒಂದು, ಈ ಕಡೆಯಿಂದ ಒಂದು. ಲೆಕ್ಕಕ್ಕಿಲ್ಲದ ಆಟವನ್ನು ಆ ಮನುಷ್ಯ ಕಿವಿಯಲ್ಲಿ ನೋಡುತ್ತಿದ್ದ.

"ದೊಡ್ಡಪ್ಪ, ನಾನೇ ತಿರುಗ್ಸಿದ್ದು. ಅಪ್ಪಂಗೆ ಗೊತ್ತಿಲ್ಲ."

ಯಾಕೆ ಅಂದ. ಇವತ್ತೂ ಬಾಗಿಲು ತೆಗೆಯಲಿ ಅಂತ, ಅಂದೆ. ಅಡಿಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಸದ್ದು ನಿಂತಿತು. ದೊಡ್ಡಪ್ಪ ಬೈಯಲಿಲ್ಲ. ಮೆತ್ತಗೆ ಹೇಳಿದ:

"ಸರಿ, ಹೋಗು. ಇದ್ನ ನಿಮ್ಮಪ್ಪಂಗೆ ಹೇಳ್ಬೇಡ."

ಕ್ಷಮಿಸಿದ ಅಂತ ಅಂದುಕೊಂಡು ಕುಣಿದುಕೊಂಡು ಮನೆಗೆ ಬಂದೆ. ಅವತ್ತು ಅಪ್ಪನ ಸಾರು ಕೂಡ ರುಚಿಯಾಗಿತ್ತು.

ಸೋಮವಾರ ಶಾಲೆಯಿಂದ ಬಂದಾಗ ಮೇಸ್ತ್ರಿ ಆಗಲೇ ಕದ ಕಿತ್ತಿಟ್ಟು, ಚೌಕಟ್ಟಿನ ಒಳಗೆ ನನ್ನ ಎದೆಮಟ್ಟಕ್ಕೆ ಇಟ್ಟಿಗೆ ಏರಿಸಿದ್ದ. ದೊಡ್ಡಪ್ಪ ಆ ಕಡೆ ನಿಂತು ಇಟ್ಟಿಗೆ ಎತ್ತಿ ಕೊಡುತ್ತಿದ್ದ. ಶನಿವಾರದಿಂದ ಮುಖ ಗಂಟು ಹಾಕಿಕೊಂಡಿದ್ದ ಅಪ್ಪ ಈ ಕಡೆ ಕೈಕಟ್ಟಿ ನಿಂತಿದ್ದ. ಸಂದಿಯಲ್ಲಿ ದೊಡ್ಡವ್ವ ಕಾಣುತ್ತಿದ್ದಳು, ಮೇಲಿನ ಇಟ್ಟಿಗೆಯ ಮೇಲೆ ಕೈಯಿಟ್ಟುಕೊಂಡು. ನನಗೆ ಅರ್ಥವಾಗಲಿಲ್ಲ. ನಾನು ಹೇಳಿದ್ದೆನಲ್ಲ. ದೊಡ್ಡಪ್ಪನಿಗೆ ಗೊತ್ತಲ್ಲ. ಇನ್ನು ಗೊತ್ತಿಲ್ಲದಿರುವುದು ಅಪ್ಪನಿಗೆ ಮಾತ್ರ, ಅವನಿಗೂ ಗೊತ್ತಾದರೆ ನಿಂತೀತು ಅಂತ, ಹೇಳಬೇಡ ಅಂದದ್ದನ್ನು ಮೀರಿ, ಎರಡೂ ಕಡೆಗೆ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದೆ:

"ಅಪ್ಪ, ಗಾಳಿಯಲ್ಲ, ನಾನೇ ತಿರುಗ್ಸಿದ್ದು. ನಾನು ಸುಳ್ಳು ಹೇಳಿದ್ದು. ದೊಡ್ಡಪ್ಪಂಗೆ ನಿನ್ನೇನೇ ಹೇಳಿದೀನಿ."

ಮೇಸ್ತ್ರಿಯ ಕರಣೆ ನಿಂತಿತು. ಅವನು ಅಪ್ಪನ ಮುಖ ನೋಡಿದ, ದೊಡ್ಡಪ್ಪನ ಮುಖ ನೋಡಿದ. ಅಪ್ಪ ನನ್ನನ್ನು ನೋಡಲಿಲ್ಲ. ಸಂದಿಯಿಂದ ಅಣ್ಣನನ್ನು ನೋಡಿದ, ದೊಡ್ಡಪ್ಪನೂ ನೋಡಿದ. ದೊಡ್ಡವ್ವ ಇಬ್ಬರನ್ನೂ ನೋಡುತ್ತಿದ್ದಳು, ತುಟಿ ಅಲ್ಲಾಡುತ್ತಿತ್ತು. ನಾನು ಕಾದೆ.

"ಕಟ್ಟು ಮೇಸ್ತ್ರಿ" ಅಂದ ಅಪ್ಪ.

"ಹ್ಞೂಂ, ಕಟ್ಟು" ಅಂದ ದೊಡ್ಡಪ್ಪ ಆ ಕಡೆಯಿಂದ.

ದೊಡ್ಡವ್ವ ಇಟ್ಟಿಗೆಯ ಮೇಲಿಂದ ಕೈ ತೆಗೆದುಕೊಂಡಳು.